ಐಸಿಯು ಗೋಡೆಯ ಗಡಿಯಾರ

ನಾನು ಜಗಳಗಂಟಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದೆ ಹೇಳುವುದೆಲ್ಲ ಯಾರೋ ಪಾಪದ ಹೆಂಗಸಿನ ಕತೆ ಅನ್ನಿಸಿಬಿಡುತ್ತದೆ. ಕಂಪ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ಮನೆ ಕಮಲಾಪುರದಲ್ಲಿ. ಬಸ್ಸಿನ ಕಂಡಕ್ಟರನೋ ತರಕಾರಿಯವಳೋ ಹೆಡ್‌ಮಾಸ್ತರೋ, ಯಾರಾದರೊಬ್ಬರ ಜೊತೆ ಬಾಯಿ ಮಾಡದೆ ನನ್ನ ದಿನ ಮುಗಿಯುತ್ತಿರಲಿಲ್ಲ. ಸಂಜೆ ಮನೆಗೆ ಬಂದರೆ ನನ್ನ ಗಂಡ ಅಂಗಳದಲ್ಲಿ ಕಾಲು ಚಾಚಿ ಕೂತಿರುತ್ತಿದ್ದ. "ಏನ್ ಟೀಚರಮ್ಮ, ಇವತ್ತು ಯಾರ ಗ್ರಹಚಾರ ಬಿಡಿಸಿ ಬಂದಿ?" ಅನ್ನುತ್ತಿದ್ದ. ನಾನು ಚಪ್ಪಲಿಯನ್ನೂ ಬಿಡದೆ ಶುರು ಮಾಡುತ್ತಿದ್ದೆ. ಅವನು ಬೇಕಂತಲೇ ಕಂಡಕ್ಟರನ ಪರ ವಹಿಸುತ್ತಿದ್ದ, ನಾನು ಇನ್ನಷ್ಟು ಉರಿದುಬೀಳಲಿ ಅಂತ. ಚಹಾ ಆರುವ ತನಕ ನಮ್ಮ ವಾದ ನಡೆಯುತ್ತಿತ್ತು.

ಅವನು ನನ್ನ ಸೋದರತ್ತೆಯ ಮಗ. ಸಂಡೂರು ತಾಲೂಕಿನ ವಡ್ಡುವಿನಲ್ಲಿ ಹುಟ್ಟಿದವನು. ಲಂಗ ಉಡುವ ಕಾಲದಿಂದ ಬೈದಾಡಿಕೊಂಡು ಬೆಳೆದವರು ನಾವು, ಮದುವೆಯಾದ ಮೇಲೆ ಅವನನ್ನು ಬಹುವಚನದಲ್ಲಿ ಕರೆ ಅಂದರೆ ನನಗೆ ನಗು ಬರುತ್ತಿತ್ತು. ಆ ಕಡೆಯ ಒಂದು ಕಾರ್ಖಾನೆಯಲ್ಲಿ ಅದಿರು ಸಾಗಿಸುವ ಕನ್ವೇಯರ್ ಬೆಲ್ಟು ನೋಡಿಕೊಳ್ಳುವ ಕೆಲಸ ಅವನದು. ಎಷ್ಟು ತಿಕ್ಕಿ ತೊಳೆದರೂ ಕಿವಿಯ ಸಂದಿಯಲ್ಲಿ ಕೆಂಪು ಧೂಳು ಉಳಿದಿರುತ್ತಿತ್ತು. ಮಕ್ಕಳಾಗಲಿಲ್ಲ. ಅದರ ದುಃಖ ಒಂದಷ್ಟು ವರ್ಷ ಇತ್ತು, ಆಮೇಲೆ ಅದೂ ಹಳತಾಯಿತು. ರಜೆ ಸಿಕ್ಕ ದಿನ ಬೈಕಿನಲ್ಲಿ ಹಂಪಿ ಕಡೆ ಹೋಗುತ್ತಿದ್ದೆವು, ಗುಡಿ ನೋಡುವುದಕ್ಕಲ್ಲ, ಬಾಳೆ ತೋಟದ ಪಕ್ಕದ ಕಾಲುವೆಗೆ ಕಾಲು ಇಳಿಬಿಟ್ಟುಕೊಂಡು ಮಂಡಕ್ಕಿ ಮಿರ್ಚಿ ತಿನ್ನುವುದಕ್ಕೆ. "ಟೂರಿಸ್ಟ್‌ನೋರು ಕಲ್ಲು ನೋಡ್ಲಿ, ನಾವು ನೀರು ನೋಡೋಣು" ಅನ್ನುತ್ತಿದ್ದ.

ಈಗ ಕಂಡಕ್ಟರ್ ನನ್ನ ಸ್ಟಾಪಿನಲ್ಲಿ ನಿಲ್ಲಿಸದೆ ಮುಂದೆಲ್ಲೋ ಇಳಿಸಿದರೂ ನಾನು ಸುಮ್ಮನೆ ನಡೆದುಕೊಂಡು ಬರುತ್ತೇನೆ. ಜಗಳವಾಡಿ ಬಂದು ಹೇಳುವುದು ಯಾರಿಗೆ?

ಕಾರ್ಖಾನೆಯಲ್ಲಿ ಅವನಿಗೆ ಎದೆನೋವು ಬಂದಾಗ ನಾನು ಏಳನೆಯ ಪೀರಿಯಡ್ ಮುಗಿಸುತ್ತಿದ್ದೆ. ಅವರೇ ಗಾಡಿಯಲ್ಲಿ ಹಾಕಿಕೊಂಡು ಹೊಸಪೇಟೆಯ ಒಂದು ಆಸ್ಪತ್ರೆಗೆ ತಂದಿದ್ದರು. ಹೆಸರು ಬೇಡ, ಆ ಆಸ್ಪತ್ರೆಯ ಮೇಲೆ ನನಗೆ ಈಗ ಹಗೆಯಿಲ್ಲ. ಕಂಪ್ಲಿಯಿಂದ ನಾನು ಎದ್ದೆನೋ ಬಿದ್ದೆನೋ ಅಂತ ಓಡಿಬಂದರೆ, ಅವನು ಐಸಿಯು ಮಂಚದ ಮೇಲೆ ಎದೆಗೆಲ್ಲ ವೈರು ಅಂಟಿಸಿಕೊಂಡು ಸೂರು ನೋಡುತ್ತ ಮಲಗಿದ್ದ. ನನ್ನನ್ನು ಕಂಡದ್ದೇ, "ಎಸಿ ಮಸ್ತ್ ಐತಿ ಇಲ್ಲಿ. ನೀನೂ ಒಂದು ಬೆಡ್ ತಗೋ" ಅಂದ. ನಾನು ಅತ್ತುಕೊಂಡೇ ಬೈದೆ. ಅದು ನಾನು ಅವನನ್ನು ಬೈದ ಕೊನೆಯ ದಿನ ಎಂದು ಗೊತ್ತಿದ್ದರೆ ಇನ್ನೂ ಸ್ವಲ್ಪ ಹೊತ್ತು ಬೈಯುತ್ತಿದ್ದೆ.

ಮರುದಿನ ಬೆಳಿಗ್ಗೆ ಅವನ ಹೃದಯ ನಿಂತಿತು. ಐಸಿಯು ಬಾಗಿಲಿಗೆ ಅಂಗೈ ಎರಡರಷ್ಟು ಅಗಲದ ಗಾಜಿನ ಕಿಂಡಿ ಇತ್ತು. ನಾನು ಅದಕ್ಕೆ ಮುಖ ಒತ್ತಿಕೊಂಡೇ ನಿಂತಿರುತ್ತಿದ್ದವಳು. ಒಳಗೆ ಏನೋ ಕಿರ್ರೆಂದು ಕೂಗಿತು. ಒಬ್ಬ ನರ್ಸ್ ಮಂಚದ ಮೇಲೇ ಹತ್ತಿ ಅವನ ಎದೆ ಒತ್ತತೊಡಗಿದಳು. ಡಾಕ್ಟರು ಓಡಿಬಂದರು. ಇನ್ನೊಬ್ಬಳು, ಮರಿಯಮ್ಮನಹಳ್ಳಿಯ ಹುಡುಗಿ, ನರ್ಸ್ ಆಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ, ಕಾಲ ದೆಸೆಯಲ್ಲಿ ನಿಂತು ಒಮ್ಮೆ ತಲೆಯೆತ್ತಿ ಗೋಡೆ ನೋಡುವುದು, ಒಮ್ಮೆ ತಲೆತಗ್ಗಿಸಿ ಕೈಗವಸಿನ ಖಾಲಿ ಡಬ್ಬಿಯ ರಟ್ಟಿನ ಮೇಲೆ ಗೀಚುವುದು ಮಾಡುತ್ತಿದ್ದಳು. ಅವಳು ಏನು ಬರೆಯುತ್ತಿದ್ದಾಳೆಂದು ನನಗೆ ಆಗ ತಿಳಿಯಲಿಲ್ಲ. ಇಂಥ ಹೊತ್ತಲ್ಲಿ ಬರೆಯುವುದೇನಿದೆ ಎಂದು ಮೈ ಉರಿಯಿತು. ಆಮೇಲೆ ಗೊತ್ತಾಯಿತು, ಯಾವಾಗ ಎದೆ ಒತ್ತಲು ಶುರುವಾಯಿತು, ಯಾವಾಗ ಯಾವ ಇಂಜೆಕ್ಷನ್ ಹೋಯಿತು, ಯಾವಾಗ ಶಾಕ್ ಕೊಟ್ಟರು ಎಂಬುದನ್ನು ಒಬ್ಬರು ಗುರುತು ಹಾಕಿಕೊಳ್ಳಲೇಬೇಕು. ಗಲಾಟೆ ಮುಗಿದ ಮೇಲೆ ಅದನ್ನೆಲ್ಲ ಕಂಪ್ಯೂಟರಿನ ಮುಂದೆ ಕೂತು ತುಂಬುತ್ತಾರೆ.

ಹೃದಯ ಮತ್ತೆ ಬಡಿಯಿತು. ಆದರೆ ಅವನು ಏಳಲಿಲ್ಲ. ಗಂಟಲೊಳಗೆ ಕೊಳವೆ ಹಾಕಿ, ನಿದ್ದೆ ಔಷಧಿ ಕೊಟ್ಟು, ಮಶೀನಿನಿಂದ ಉಸಿರಾಡಿಸುತ್ತಿದ್ದರು.

ಅವನನ್ನು ನೋಡಲು ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಒಬ್ಬರಿಗೆ ಮಾತ್ರ ಪ್ರವೇಶ. ಉಳಿದ ಹೊತ್ತೆಲ್ಲ ಆ ಅರ್ಧ ಗಂಟೆಗೆ ಕಾಯುವುದೇ ಕೆಲಸ. ಬಾಗಿಲು ಕಾಯುವವನು ತನ್ನ ಮೊಬೈಲ್ ನೋಡಿ ಒಳಗೆ ಬಿಡುತ್ತಿದ್ದ. ಒಳಗೆ ಹೋಗಿ ಅವನ ಕಾಲು ಮುಟ್ಟಿ, ಹಣೆ ಮುಟ್ಟಿ, ಏನೋ ನಾಲ್ಕು ಮಾತು ಆಡುವುದರಲ್ಲಿ ಆ ಮರಿಯಮ್ಮನಹಳ್ಳಿ ನರ್ಸ್ ಬಂದು, "ಮೇಡಂ, ಟೈಮ್ ಆತ್ರಿ, ಹೊರಗ ನಡೀರಿ" ಅನ್ನುತ್ತಿದ್ದಳು. ಮೊದಲ ಸಲ ಹೋದೆ. ಎರಡನೆಯ ಸಲ ನನ್ನ ಮೊಬೈಲ್ ನೋಡಿದೆ. ಇನ್ನೂ ಹತ್ತು ನಿಮಿಷ ಬಾಕಿ ಇತ್ತು.

"ಯಾಕವ್ವ, ನನ್ನ ಹತ್ತು ನಿಮಿಷ ನೀನ್ಯಾಕ ತಿಂತಿ? ನಿನಗೇನು ಬಂತು ಅದರಿಂದ?" ಅಂದೆ. ಪಕ್ಕದ ಮಂಚದ ಮುದುಕ ಕೂಡ ಕಣ್ಣು ಬಿಟ್ಟು ನೋಡಿದ.

ಅವಳು ಹೆದರಿ ಗೋಡೆಯ ಕಡೆ ಕೈ ತೋರಿಸಿದಳು. ದೊಡ್ಡ ಬಿಳಿ ಮುಖದ ಗಡಿಯಾರ. "ಅದರಾಗ ಆಗೇತ್ರಿ ಮೇಡಂ."

ಅಷ್ಟರಲ್ಲಿ ಹಿರಿಯ ಸಿಸ್ಟರ್ ನಗುತ್ತ ಬಂದರು. "ಬೈಬ್ಯಾಡ್ರಿ ಆಕಿಗೆ. ಅದು ಹತ್ತು ನಿಮಿಷ ಮುಂದ ಐತ್ರಿ. ನಾನಾ ಇಟ್ಟೀನಿ. ಡ್ಯೂಟಿ ಬದಲಿ ಆಗೋ ಹೊತ್ತಿಗೆ ಕಂಪ್ಲಿ ಬಸ್ಸು ಲೇಟ್ ಬಂತು, ಮರಿಯಮ್ಮನಹಳ್ಳಿ ಬಸ್ಸು ಲೇಟ್ ಬಂತು ಅಂತ ಎಲ್ಲಾರೂ ರಾಗ ತಗೀತಾರ. ಹಿಂಗ ಇಟ್ರ ಜಲ್ದಿ ಬರ್ತಾರ ನೋಡ್ರಿ."

ನನಗೂ ನಗು ಬಂತು. ನಮ್ಮ ಶಾಲೆಯ ಗಂಟೆ ಹೊಡೆಯುವ ಗಡಿಯಾರವೂ ಮುಂದಿದೆ, ನಮ್ಮ ಅಡುಗೆಮನೆಯದೂ ಮುಂದಿದೆ. ನಮ್ಮ ಕಡೆ ಗಡಿಯಾರವನ್ನು ಇದ್ದ ಹಾಗೇ ಇಟ್ಟ ಮನೆ ಯಾವುದಿದೆ? ಮುಂದಿದೆ ಎಂದು ಎಲ್ಲರಿಗೂ ಗೊತ್ತಿರುತ್ತದೆ, ಎಲ್ಲರೂ ಮನಸ್ಸಿನಲ್ಲೇ ಕಳೆದುಕೊಳ್ಳುತ್ತಾರೆ, ಆದರೂ ಅದು ಮುಂದೆಯೇ ಇರಬೇಕು. ಅಂದಿನಿಂದ ಆ ಹುಡುಗಿ ನನ್ನನ್ನು ಹತ್ತು ನಿಮಿಷ ಹೆಚ್ಚು ನಿಲ್ಲಲು ಬಿಟ್ಟಳು. ನಾವಿಬ್ಬರೂ ಒಂಥರಾ ಗೆಳತಿಯರಾದೆವು.

ಬಳ್ಳಾರಿಯಿಂದ ವಾರಕ್ಕೆರಡು ಸಲ ಬರುವ ಮಿದುಳಿನ ಡಾಕ್ಟರು ಒಂದು ಮಧ್ಯಾಹ್ನ ನನ್ನನ್ನೂ ನನ್ನ ಭಾವನನ್ನೂ, ಅಂದರೆ ಅವನ ಅಣ್ಣನನ್ನು, ಕೋಣೆಗೆ ಕರೆದು ಕೂರಿಸಿದರು. ಭಾವ ವಡ್ಡುವಿನಲ್ಲಿ ಬೇಸಾಯ ಮಾಡಿಕೊಂಡಿರುವ ಮನುಷ್ಯ, ಮಾತು ಕಡಿಮೆ. ಡಾಕ್ಟರು ಒಳ್ಳೆಯವರು. ಸುತ್ತಿ ಬಳಸಿ ಹೇಳಲಿಲ್ಲ. ಕಂಪ್ಯೂಟರ್ ಪರದೆಯನ್ನು ನಮ್ಮ ಕಡೆ ತಿರುಗಿಸಿದರು.

"ಇಲ್ಲಿ ನೋಡಿ ಅಮ್ಮ. ಈ ಸಾಲು, ಹೃದಯ ನಿಂತ ಸಮಯ. ಇದು, ಎದೆ ಒತ್ತಲು ಶುರು ಮಾಡಿದ ಸಮಯ. ನಡುವೆ ಹನ್ನೊಂದು ನಿಮಿಷ. ಅಷ್ಟು ಹೊತ್ತು ಮಿದುಳಿಗೆ ರಕ್ತ ಹೋಗಿಲ್ಲ. ಸ್ಕ್ಯಾನಿನಿಂದ ನನಗೆ ಖಚಿತವಾಗಿ ಏನೂ ಹೇಳೋಕಾಗ್ತಿಲ್ಲ, ಆದರೆ ಹನ್ನೊಂದು ನಿಮಿಷ ಅಂದ ಮೇಲೆ... ನೀವು ಮನೆಯವರೆಲ್ಲ ಕೂತು ಯೋಚನೆ ಮಾಡಿ."

ಹನ್ನೊಂದು ನಿಮಿಷ. ನಾನು ಗಾಜಿನ ಕಿಂಡಿಯಲ್ಲೇ ಇದ್ದೆನಲ್ಲ? ಕಿರ್ರೆಂದ ತಕ್ಷಣ ಆ ನರ್ಸ್ ಮಂಚ ಹತ್ತಿದ್ದನ್ನು ಕಂಡೆನಲ್ಲ? ಆದರೆ ಅಂಥ ಹೊತ್ತಿನಲ್ಲಿ ಕ್ಷಣವೆಷ್ಟು, ಗಂಟೆಯೆಷ್ಟು ಎಂದು ಯಾರಿಗೆ ತಿಳಿಯುತ್ತದೆ? ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಕಂಪ್ಯೂಟರಿನಲ್ಲಿ ಅಂಕಿ ಇತ್ತು, ನನ್ನ ಹತ್ತಿರ ಬರೀ ನೆನಪಿತ್ತು. ಜಗಳಗಂಟಿಯಾದ ನಾನು ಅಂದು ಒಂದು ಮಾತೂ ಆಡಲಿಲ್ಲ.

ಹೊರಗೆ ಬಂದು ಭಾವ ಬೇವಿನ ಮರದ ಕೆಳಗೆ ಕುಕ್ಕರಗಾಲಲ್ಲಿ ಕೂತರು. "ತಂಗೀ, ಮನಿಗೆ ಕರಕೊಂಡು ಹೋಗೋಣು. ಹುಟ್ಟಿದ ಮನ್ಯಾಗ ಉಸಿರು ಬಿಡ್ಲಿ. ಇಲ್ಲಿ ಈ ಮಶೀನಿನಾಗ ಬ್ಯಾಡ" ಅಂದರು. ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟುಬಂದ ಮನುಷ್ಯ ಅವರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾನು ಹೂಂ ಅಂದೆ. ಮರುದಿನ ಮಧ್ಯಾಹ್ನಕ್ಕೆ ಆಂಬುಲೆನ್ಸ್ ಹೇಳಿದರು. ವಡ್ಡುವಿನ ಮನೆಯಲ್ಲಿ ಪಡಸಾಲೆ ಗುಡಿಸಿ ಇಡಲು ಫೋನು ಮಾಡಿದರು.

ಆ ಸಂಜೆ ನಾನು ಒಳಗೆ ಹೋದದ್ದು ಕಳಿಸಿಕೊಡುವುದಕ್ಕೆ. ಅವನ ಕಿವಿಯ ಸಂದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ, ಇನ್ನೂ ಕೆಂಪಗೆ ಬಂತು. "ಏಳೋ ಪುಣ್ಯಾತ್ಮ" ಅಂದೆ. "ಏಳು, ಬೈತೀನಿ" ಅಂದೆ. ಏನೇನೋ ಅಂದೆ. ಅರ್ಧ ಗಂಟೆ ಆಯಿತೆಂದು ಗಡಿಯಾರ ತೋರಿಸುತ್ತಿತ್ತು. ನಾನು ಏಳಲು ಹೋದೆ. ಆ ಹುಡುಗಿ ನನ್ನ ಹೆಗಲ ಮೇಲೆ ಕೈಯಿಟ್ಟಳು. "ಕುಂದ್ರಿ ಮೇಡಂ. ಆ ಗೋಡಿ ಮ್ಯಾಲಿಂದು ನೋಡಬ್ಯಾಡ್ರಿ, ಅದು ಸುಳ್ಳು ಹೇಳತೈತಿ. ನಿಮಗಿನ್ನೂ ಹತ್ತು ನಿಮಿಷ ಐತಿ."

ನಾನು ಕೂತೆ. ಕೂತವಳು ಹಾಗೇ ಗೋಡೆ ನೋಡಿದೆ. ಆಮೇಲೆ ಅವನ ತಲೆಯ ಬಳಿಯ ಮಾನಿಟರ್ ನೋಡಿದೆ. ಅದರ ಮೂಲೆಯಲ್ಲೂ ಸಣ್ಣ ಅಂಕಿಯಲ್ಲಿ ಸಮಯ ಇತ್ತು, ನನ್ನ ಮೊಬೈಲಿನದೇ ಸಮಯ.

"ಅವತ್ತು ನೀನು ರಟ್ಟಿನ ಮ್ಯಾಲ ಬರಕೊಂತಿದ್ದಿಯಲ್ಲ, ಟೈಮು ಯಾವುದು ನೋಡಿ ಬರದಿ?" ಅಂದೆ.

"ಗೋಡಿ ನೋಡಿದ್ರಿ. ಯಾವಾಗ್ಲೂ ಅದನ್ನಾ ನೋಡಿ ಬರಿತೀವಿ."

"ಹೃದಯ ನಿಂತ ಟೈಮೂ ನೀನಾ ಬರದಿ?"

"ಇಲ್ರಿ, ಅದು ತಾನಾ ಬರತೈತಿ. ಈಗ ಮಾನಿಟರ್‌ಗೂ ಕಂಪ್ಯೂಟರ್‌ಗೂ ಹೊಸದಾಗಿ ವೈರ್ ಜೋಡಿಸ್ಯಾರಲ್ರಿ..." ಅಂದವಳು ಒಮ್ಮೆ ಗೋಡೆ ನೋಡಿದಳು, ಒಮ್ಮೆ ಮಾನಿಟರ್ ನೋಡಿದಳು.

ಮೊದಲೆಲ್ಲ ಹೃದಯ ನಿಂತದ್ದು, ಎದೆ ಒತ್ತಿದ್ದು, ಎರಡೂ ಸಮಯ ಆ ಗೋಡೆಯಿಂದಲೇ ಬರುತ್ತಿದ್ದವು. ಎರಡೂ ಹತ್ತು ನಿಮಿಷ ಸುಳ್ಳು, ಹಾಗಾಗಿ ನಡುವಿನ ಅಂತರ ನಿಜವೇ ಇರುತ್ತಿತ್ತು. ವೈರ್ ಜೋಡಿಸಿದ ಮೇಲೆ ಮೊದಲ ಸಾಲು ಮಾನಿಟರಿನಿಂದ ನಿಜ ಸಮಯಕ್ಕೆ ಬಂತು, ಉಳಿದ ಸಾಲುಗಳು ಗೋಡೆಯಿಂದಲೇ ಬಂದವು. ಗಡಿಯಾರ ಮುಂದಿದೆ ಎಂದು ಮನುಷ್ಯರಿಗೆಲ್ಲ ಗೊತ್ತಿತ್ತು. ಕಂಪ್ಯೂಟರಿಗೆ ಯಾರೂ ಹೇಳಿರಲಿಲ್ಲ. ಅವನು ರಕ್ತವಿಲ್ಲದೆ ಬಿದ್ದಿದ್ದದ್ದು ಹನ್ನೊಂದು ನಿಮಿಷವಲ್ಲ, ಒಂದು ನಿಮಿಷ.

ನಾನು ಕಿರುಚಿದೆ. ಐಸಿಯು ಎಂಬ ಪರಿವೆಯೂ ಇರಲಿಲ್ಲ. ಡ್ಯೂಟಿ ಡಾಕ್ಟರು ಓಡಿಬಂದರು. ಅವರನ್ನು ತೋಳು ಹಿಡಿದು ಎಳೆದು, ಗೋಡೆ ತೋರಿಸಿದೆ, ಮಾನಿಟರ್ ತೋರಿಸಿದೆ, ನನ್ನ ಮೊಬೈಲನ್ನು ಅವರ ಮೂಗಿಗೆ ಹಿಡಿದೆ. ಅವರು ಮೂರನ್ನೂ ನೋಡಿದರು. ಕಂಪ್ಯೂಟರ್ ತೆರೆದು ಆ ಎರಡು ಸಾಲು ನೋಡಿದರು. ಹಿರಿಯ ಸಿಸ್ಟರ್ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು. ಅವರಿಗೂ ಬೈದೆ. ಯಾರಿಗೆ ಬಿಟ್ಟೆ ಅಂತ ಕೇಳಿ. ಡಾಕ್ಟರು ಬಳ್ಳಾರಿಯ ಮಿದುಳಿನ ಡಾಕ್ಟರಿಗೆ ಫೋನು ಹಚ್ಚಿದರು. ಫೋನಿಟ್ಟು, "ಕಾಯೋಣ ಅಂದ್ರು. ನಿದ್ದೆ ಔಷಧಿ ನಿಧಾನಕ್ಕ ಇಳಿಸಿ ನೋಡೋಣ ಅಂದ್ರು. ಮನಿಗೆ ಒಯ್ಯಬ್ಯಾಡ್ರಿ" ಅಂದರು.

ಹೊರಗೆ ಓಡಿ ಭಾವನಿಗೆ ಹೇಳಿದೆ. ಅವರಿಗೆ ಅರ್ಥವಾಗಲು ಎರಡು ಸಲ ಹೇಳಬೇಕಾಯಿತು. ಅರ್ಥವಾದ ಮೇಲೆ ಎದ್ದು ನಿಂತು, ಮರ ಹಿಡಿದುಕೊಂಡು, ಹುಡುಗನ ಹಾಗೆ ಬಿಕ್ಕಿದರು. ನಾವು ನಾಳೆ ಅವನನ್ನು ಏನು ಮಾಡಲು ಹೊರಟಿದ್ದೆವು ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ. ಆಂಬುಲೆನ್ಸಿನವನಿಗೆ ಬೇಡವೆಂದು ಹೇಳಿದೆವು.

ಆಮೇಲಿನ ದಿನಗಳನ್ನು ನೆನೆದರೆ ನನಗೆ ಆಸೆಯಾಗುತ್ತದೆ. ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿ, ಫಿನಾಯಿಲ್ ವಾಸನೆ, ಇದಕ್ಕೆ ಯಾರಾದರೂ ಆಸೆಪಡುತ್ತಾರೆಯೇ? ನಾನು ಪಡುತ್ತೇನೆ. ಅವನು ಏಳುತ್ತಾನೆ ಎಂದು ಕಾಯುವುದಕ್ಕೆ ಒಂದು ಕಾರಣವಿತ್ತಲ್ಲ ಆಗ, ಅದಕ್ಕೆ. ನಿದ್ದೆ ಔಷಧಿ ಇಳಿಸಿದಂತೆ ಅವನ ರೆಪ್ಪೆ ಅದುರತೊಡಗಿತು. ಒಮ್ಮೆ ಕೆಮ್ಮಿದ. ಅವನ ಕೆಮ್ಮು ಕೇಳಿ ನಾನು ಪಟ್ಟ ಸಂತೋಷ ನನ್ನ ಮದುವೆಯ ದಿನವೂ ಪಟ್ಟಿರಲಿಲ್ಲ.

ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಸಾಗಿಸುವ ಮಾತು ಬಂತು. ಅವನ ಜೊತೆ ಅವನ ದಾಖಲೆಯೂ ಹೋಗುತ್ತದೆ ಎಂದರು. ತೋರಿಸಿ ಅಂದೆ. ಡ್ಯೂಟಿ ಡಾಕ್ಟರು ಗಡಿಯಾರದ ತಪ್ಪನ್ನು ಕೆಳಗೆಲ್ಲೋ ಟಿಪ್ಪಣಿಯಲ್ಲಿ ಬರೆದಿದ್ದರು. ಆದರೆ ಮೊದಲ ಪುಟದ ನೆತ್ತಿಯ ಮೇಲೆ, ಕಂಪ್ಯೂಟರ್ ತಾನೇ ಲೆಕ್ಕ ಹಾಕಿ ಬರೆದದ್ದು ಹಾಗೇ ಇತ್ತು: ಹನ್ನೊಂದು ನಿಮಿಷ. "ಇರ್ಲಿ ಬಿಡ್ರಿ, ನಾನು ಅವರಿಗೆ ಫೋನಿನಾಗ ಹೇಳ್ತೀನಿ" ಅಂದರು ಡಾಕ್ಟರು. ಇರಲಿ ಬಿಡುವುದು ನನ್ನ ಜಾಯಮಾನವೇ? ಆ ಪುಟ ನೋಡಿದವರೆಲ್ಲ ಅವನ ಮೇಲಿನ ಆಸೆ ಬಿಟ್ಟುಬಿಡುತ್ತಾರೆ. ಹೊಸ ಊರಿನ ಹೊಸ ಡಾಕ್ಟರು ಕೆಳಗಿನ ಟಿಪ್ಪಣಿ ತನಕ ಓದುತ್ತಾರೆ ಎಂದು ಯಾವ ನಂಬಿಕೆ? ನಾನೇ ಮಕ್ಕಳ ಉತ್ತರಪತ್ರಿಕೆಯಲ್ಲಿ ಮೊದಲ ಪುಟ ನೋಡಿ ಇವನು ಇಷ್ಟೇ ಅಂದುಕೊಂಡವಳು.

ಮರುದಿನ ಬೆಳಿಗ್ಗೆ ಕೆಳಗಿನ ದಾಖಲೆ ವಿಭಾಗಕ್ಕೆ ಹೋದೆ. ಭಾವ ಹೊಲದ ಕೆಲಸಕ್ಕೆಂದು ವಡ್ಡುವಿಗೆ ಹೋಗಿದ್ದರು. ಅಲ್ಲಿದ್ದ ಗುಮಾಸ್ತ ನನ್ನ ಮಾತೆಲ್ಲ ಕೇಳಿ ತಲೆಯಾಡಿಸಿದ.

"ಸಿಸ್ಟಮ್ ತಗೊಳಂಗಿಲ್ರಿ ಮೇಡಂ. ಲಾಕ್ ಆಗೇತಿ."

"ಲಾಕ್ ಯಾರು ಮಾಡ್ಯಾರ?"

"ಅದು ತಾನಾ ಆಗತೈತ್ರಿ."

"ತಾನಾ ಬರಿತೈತಿ, ತಾನಾ ಲಾಕ್ ಆಗತೈತಿ, ಮತ್ತ ನೀವೆಲ್ಲಾ ಇಲ್ಲಿ ಯಾಕ ಕುಂತೀರಿ?"

ಅವನು ಮೇಲಿನವರಿಗೆ ಕೇಳಬೇಕು ಅಂದ. ಕೇಳು ಅಂದೆ. ಸಾಫ್ಟ್‌ವೇರಿನವರಿಗೆ ಫೋನು ಮಾಡಬೇಕು ಅಂದ. ಮಾಡು, ನಾನಿಲ್ಲೇ ಕೂತಿರುತ್ತೇನೆ ಅಂದೆ. ನೋಡುವ ಸಮಯವಾಯಿತು. ಎದ್ದು ಹೋದರೆ ಇವನು ಫೋನು ಇಟ್ಟುಬಿಡುತ್ತಾನೆ ಎಂದು ನನಗೆ ಗ್ಯಾರಂಟಿ ಇತ್ತು. ಸಂಜೆ ಹೇಗೂ ನೋಡುತ್ತೇನಲ್ಲ ಎಂದು ಕುರ್ಚಿಯನ್ನು ಇನ್ನಷ್ಟು ಮುಂದೆ ಎಳೆದುಕೊಂಡೆ. ಆ ಗುಮಾಸ್ತ ಬೆವರೊರೆಸಿಕೊಂಡು ಯಾರು ಯಾರಿಗೋ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ತೆಲುಗಿನಲ್ಲಿ ವಿವರಿಸಿದ. ಕೊನೆಗೆ ಲಾಕ್ ತೆಗೆದರು, ಡಾಕ್ಟರು ಒಪ್ಪಿಗೆ ಕೊಟ್ಟರು, ಸಮಯ ತಿದ್ದಿದರು. ಪ್ರಿಂಟ್ ತೆಗೆಸಿಕೊಂಡೆ. ಒಂದು ನಿಮಿಷ ಎಂದು ಇತ್ತು. ಅದನ್ನು ಹಿಡಿದುಕೊಂಡು ನಾನು ಮೆಟ್ಟಿಲು ಹತ್ತಿದ್ದು ಹೇಗೆಂದರೆ, ಗೆದ್ದು ಬಂದವಳ ಹಾಗೆಯೇ.

ಐಸಿಯು ಬಾಗಿಲಲ್ಲಿ ಆ ಮರಿಯಮ್ಮನಹಳ್ಳಿ ಹುಡುಗಿ ನಿಂತಿದ್ದಳು. ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. "ಎಲ್ಲಿ ಹೋಗಿದ್ರಿ ಮೇಡಂ? ಎಷ್ಟು ಹುಡುಕಿದೆ! ಸಾರ್ ಕಣ್ಣು ತೆರದಿದ್ರು!"

ನಾನು ಅವಳ ಪಕ್ಕದಿಂದಲೇ ಕಿಂಡಿಗೆ ಮುಖ ಒತ್ತಿದೆ.

"ಛಲೋತ್ನ್ಯಾಗ ತೆರದ್ರು. ಸುತ್ತಲೂ ನೋಡಿದ್ರು. ಬಾಗಿಲ ಕಡೆ ಭಾಳ ಹೊತ್ತು ನೋಡಿದ್ರು. ಆಮ್ಯಾಲ ಪೈಪ್ ಕೀಳಾಕ ಹೋದ್ರು, ಬಿಪಿ ಏರಿತು, ಅದಕ್ಕ ಡಾಕ್ಟರು ಮತ್ತ ನಿದ್ದಿ ಇಂಜೆಕ್ಷನ್ ಕೊಟ್ಟಾರ. ನಾಳೆ ಮುಂಜಾನಿ ಮತ್ತ ಎಬ್ಬಿಸ್ತೀವಂದಾರ್ರಿ."

ನಾಳೆ ಬೆಳಿಗ್ಗೆ! ನನಗೆ ಅಷ್ಟು ಸಾಕಾಯಿತು. ಹೊತ್ತಲ್ಲದ ಹೊತ್ತಿನಲ್ಲೂ ಅವಳು ನನ್ನನ್ನು ಒಂದು ಗಳಿಗೆ ಒಳಗೆ ಬಿಟ್ಟಳು. ಅವನು ಮತ್ತೆ ಕಣ್ಣು ಮುಚ್ಚಿದ್ದ, ಆದರೆ ಆ ಮುಚ್ಚಿದ ಕಣ್ಣು ಬೇರೆ, ನಿನ್ನೆಯದು ಬೇರೆ. ಹಣೆಗೆ ಮುತ್ತಿಟ್ಟು ಬಂದೆ. ವಡ್ಡುವಿಗೆ ಫೋನು ಮಾಡಿ, "ಭಾವ, ಕಣ್ಣು ತೆರದಾನ, ಪೈಪ್ ಕೀಳಾಕ ಹೋಗಿದ್ನಂತ, ನೋಡ್ರಿ ಅವನ ಸೊಕ್ಕು!" ಎಂದು ಕೂಗಿದೆ. ಕ್ಯಾಂಟೀನಿಗೆ ಹೋಗಿ ಒಗ್ಗರಣೆ ಅವಲಕ್ಕಿ ತಿಂದೆ, ಮತ್ತೊಂದು ಪ್ಲೇಟ್ ಹಾಕಿಸಿಕೊಂಡೆ. ನಾಳೆ ಅವನಿಗೆ ಏನೇನು ಹೇಳಬೇಕು ಎಂದು ಜೋಡಿಸಿಕೊಳ್ಳುತ್ತ ಕೂತೆ. ಗುಮಾಸ್ತನ ಕತೆ ಹೇಳಬೇಕು, ಅವನು ಖಂಡಿತ ಗುಮಾಸ್ತನ ಪರ ವಹಿಸುತ್ತಾನೆ.

ಅದೇ ಸಂಜೆ, ನೋಡಲು ಒಳಗೆ ಬಿಡುವ ಮೊದಲೇ, ಅವನ ಹೃದಯ ಮತ್ತೆ ನಿಂತಿತು. ನಾನು ಕಿಂಡಿಯಲ್ಲೇ ಇದ್ದೆ. ಅದೇ ಕಿರ್ರೆಂಬ ಕೂಗು, ಅದೇ ಓಟ. ಅವರು ಬಹಳ ಹೊತ್ತು ಪ್ರಯತ್ನಪಟ್ಟರು, ಒಬ್ಬರ ಕೈ ಸೋತರೆ ಇನ್ನೊಬ್ಬರು ಒತ್ತಿದರು. ಕಡೆಗೆ ಡಾಕ್ಟರು ಹೊರಗೆ ಬಂದು ನನ್ನ ಮುಂದೆ ತಲೆತಗ್ಗಿಸಿ ನಿಂತರು. ಅವರು ಏನಂದರೋ ನನಗೆ ಕೇಳಲಿಲ್ಲ, ಬೇಕಾಗಿಯೂ ಇರಲಿಲ್ಲ.

ವಡ್ಡುವಿಗೇ ಒಯ್ದೆವು.

ಎಲ್ಲ ಕಾರ್ಯ ಮುಗಿದ ಮೇಲೆ ಆಸ್ಪತ್ರೆಯಿಂದ ಪೂರ್ತಿ ದಾಖಲೆ ಬಂತು. ಕಮಲಾಪುರದ ಮನೆಯಲ್ಲಿ ಕೂತು ಓದಿದೆ. ಕೊನೆಯ ದಿನದ್ದರಲ್ಲಿ ಒಂದೂ ತಪ್ಪಿಲ್ಲ. ನನ್ನ ಕಿರುಚಾಟದ ಮೇಲೆ ಗೋಡೆಯ ಗಡಿಯಾರ ಸರಿಪಡಿಸಿದ್ದರಲ್ಲ, ಯಾವಾಗ ನಿಂತಿತು, ಯಾವಾಗ ಒತ್ತಿದರು, ಯಾವಾಗ ಬಿಟ್ಟರು, ಎಲ್ಲ ಅಚ್ಚುಕಟ್ಟು. ಓದುತ್ತ ಓದುತ್ತ ನನಗೆ ಎಂಥ ಸಿಟ್ಟು ಬಂತೆಂದರೆ ಹಾಳೆಗಳನ್ನು ಗೋಡೆಗೆ ಬೀಸಿ ಒಗೆದೆ. ಆಮೇಲೆ ನೆಲದ ಮೇಲೆ ಕೂತು ಒಂದೊಂದಾಗಿ ಆಯ್ದುಕೊಂಡೆ. ಹಾಗೆ ಆಯುವಾಗ ಅಂದಿನ ಬೆಳಗಿನ ಒಂದು ಸಾಲು ಕಂಡಿತು. ಕಣ್ಣು ತಾನಾಗಿ ತೆರೆದಿದ್ದಾರೆ. ಹೇಳಿದ್ದನ್ನು ಪಾಲಿಸುತ್ತಾರೆ. ಇಷ್ಟೇ. ಕಂಪ್ಯೂಟರಿನಲ್ಲಿ ಇಂಥದ್ದಕ್ಕೆಲ್ಲ ಮೊದಲೇ ಸಿದ್ಧವಿರುವ ಮಾತುಗಳಿರುತ್ತವೆ, ಒಂದನ್ನು ಒತ್ತಿದರಾಯಿತು.

ನನಗೆ ಅಷ್ಟು ಸಾಲದು. ಅವನು ಯಾವ ಕಣ್ಣಿನಿಂದ ನೋಡಿದ? ಹೆದರಿದ್ದನೇ? ಯಾರು ಏನು ಹೇಳಿದರು, ಅವನು ಏನನ್ನು ಪಾಲಿಸಿದ? ಜನ್ಮದಲ್ಲಿ ನನ್ನ ಒಂದು ಮಾತನ್ನೂ ಪಾಲಿಸದವನು! ಜಗತ್ತಿನಲ್ಲಿ ಅದನ್ನು ಕಂಡವಳು ಒಬ್ಬಳೇ, ಆ ಮರಿಯಮ್ಮನಹಳ್ಳಿ ಹುಡುಗಿ. ತಿಂಗಳುಗಳ ತನಕ ನನ್ನನ್ನು ನಾನೇ ತಡೆದುಕೊಂಡೆ. ಹೋಗಿ ಕೇಳಿದರೆ ಮುಗಿದುಹೋಗುತ್ತದೆ, ಆಮೇಲೆ ಅವನ ಬಗ್ಗೆ ತಿಳಿಯಲು ಹೊಸದೇನೂ ಉಳಿಯುವುದಿಲ್ಲ ಎಂದು. ಕೊನೆಗೆ ತಡೆಯಲಾಗಲಿಲ್ಲ. ಆಸ್ಪತ್ರೆಗೆ ಹೋದರೆ, ಆ ಹುಡುಗಿ ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆ ಅಂದರು. ಮರಿಯಮ್ಮನಹಳ್ಳಿ ಬಸ್ಸು ಹತ್ತಿದೆ.

ಲಾರಿಗಳ ಧೂಳು ಬೀಳುವ ಒಂದು ಓಣಿಯ ಮನೆ. ತಲೆಗೆ ಬಟ್ಟೆ ಸುತ್ತಿಕೊಂಡು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದವಳು ನನ್ನನ್ನು ಕಂಡು ಗಡಬಡಿಸಿ ಎದ್ದಳು. "ಬರ್ರಿ ಮೇಡಂ, ಕುಂದ್ರಿ" ಎಂದು ಚಾಪೆ ಎಳೆದಳು. ಅವಳ ತಾಯಿ ಚಹಾ ಇಡಲು ಒಳಗೆ ಹೋದರು. ನಾನು ಮಗುವಿನ ಬಗ್ಗೆ ಎರಡು ಮಾತು ಕೇಳಿ, ನೇರ ಕೇಳಿಬಿಟ್ಟೆ. ಅವತ್ತು ಏನಾಯಿತು ಪೂರ್ತಿ ಹೇಳು ಅಂದೆ.

ಅವಳಿಗೆ ಎಲ್ಲ ನೆನಪಿತ್ತು. "ಹೆದರಿದಂಗ ಕಾಣ್ಲಿಲ್ರಿ. ನಿದ್ದಿಗಣ್ಣಾಗ ಎದ್ದೋರು ಎಲ್ಲಿದ್ದೀನಿ ಅಂತ ನೋಡತಾರಲ್ರಿ, ಹಂಗ. 'ಸಾರ್, ನಿಮ್ಮ ಮೇಡಂ ಇಲ್ಲೇ ಅದಾರ, ಈಗ ಬರ್ತಾರ' ಅಂದೆ. ಅದಕ್ಕಾ ಬಾಗಿಲ ಕಡೆ ನೋಡಿದ್ರು. ಆಮ್ಯಾಲ ನಾವು ಚೆಕ್ ಮಾಡಬೇಕಲ್ರಿ, 'ಸಾರ್, ನನ್ನ ಕೈ ಹಿಡೀರಿ' ಅಂದೆ. ಹಿಡಿದ್ರು."

"ಹೆಂಗ ಹಿಡಿದ?"

ಅವಳು ಮಗುವನ್ನು ಎಡತೋಳಿಗೆ ಹಾಕಿಕೊಂಡು ಬಲಗೈ ಚಾಚಿ, ನನ್ನ ನಾಲ್ಕು ಬೆರಳುಗಳನ್ನು ಒಟ್ಟಿಗೆ ಮುಷ್ಟಿಯಲ್ಲಿ ಹಿಡಿದು ಒತ್ತಿದಳು.

"ಹಿಂಗ್ರಿ. ಜೋರು ಇರ್ಲಿಲ್ಲ. 'ಛಲೋ ಸಾರ್, ಈಗ ಬಿಡ್ರಿ' ಅಂದೆ. ಬಿಡ್ಲಿಲ್ರಿ. 'ಬಿಡ್ರಿ ಸಾರ್' ಅಂತ ಮತ್ತ ಅಂದೆ. ಊಹೂಂ. ಇನ್ನೊಂದು ಕೈಲೆ ಪೈಪ್ ಕೀಳಾಕ ಹೋದಾಗೂ ಈ ಕೈ ಬಿಡ್ಲಿಲ್ಲ, ನಿದ್ದಿ ಇಂಜೆಕ್ಷನ್ ಹತ್ತೋತನ ಹಿಡಕೊಂಡಾ ಇದ್ರು."

ಹಿಡಿ ಅಂದಾಗ ಹಿಡಿದದ್ದು ದಾಖಲೆಯಲ್ಲಿತ್ತು. ಬಿಡು ಅಂದರೂ ಬಿಡದೆ ಹೋದದ್ದನ್ನು ಬರೆಯಲು ಅಲ್ಲಿ ಜಾಗವಿರಲಿಲ್ಲ. ಹೇಳಿದ್ದನ್ನು ಪಾಲಿಸುತ್ತಾರಂತೆ! ನನಗೆ ನಗುವೂ ಬಂತು, ಅಳುವೂ ಬಂತು, ಎರಡನ್ನೂ ತಡೆಯಲಿಲ್ಲ.

ಅವಳು ಕೈ ಸಡಿಲಿಸಿದಳು. "ಇನ್ನೊಮ್ಮೆ ಹಿಡಿಯವ್ವ" ಅಂದೆ.

ಹಿಡಿದಳು. ಒಳಗಿಂದ ಚಹಾ ಬಂತು, ಮಗು ಅತ್ತಿತು. ಬಿಡು ಎಂದು ನಾನು ಹೇಳಲಿಲ್ಲ.